ಅಂದು ನಾನು ‘ಪಾವು’ ಎಂದು ಕೂಗಲಿಲ್ಲ

೧೯೭೮ರಲ್ಲಿ ಏಳನೇ ಇಯತ್ತೆಯ ಪರೀಕ್ಷೆಯಲ್ಲಿ ನಪಾಸಾಗಿ ಶಾಲೆ ಬಿಟ್ಟವನು ನಾನು. ಆಮೇಲೆ ದುಡಿದೇ ತಿಂದಿದ್ದೇನೆ, ಯಾರ ಎದುರೂ ತಲೆ ತಗ್ಗಿಸುವಂಥದ್ದು ಮಾಡಿಲ್ಲ — ಹೀಗೆಂದು ಹೆಂಡತಿಗೆ, ನೆಂಟರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೂಡ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಕಾರವಾರದ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ, ಪೊರೆ ತೆಗೆಯುವ ಆಪರೇಶನ್ ನಡೆಯುತ್ತಿದ್ದಾಗ, ನೋಡಬೇಕಾದ ಕಡೆ ನಾನು ನೋಡಲಿಲ್ಲ. ಒಬ್ಬರ ಕಣ್ಣು ಹೋಯಿತು. ತಪ್ಪನ್ನು ಸುನಂದಾ ಸಿಸ್ಟರ್ ತಲೆಗೆ ಕಟ್ಟಿದೆ. ಕಟ್ಟುವುದಕ್ಕೆ ದೊಡ್ಡ ಕತೆಯೇನೂ ಬೇಕಾಗಲಿಲ್ಲ — ಒಂದು ಸಣ್ಣ ಮಾತು ಸಾಕಾಯಿತು.

ನನ್ನ ಊರು ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಸುಂಕಸಾಳ. ನಪಾಸಾದ ಮೇಲೆ ಅದೇ ಇಯತ್ತೆಯಲ್ಲಿ ತಮ್ಮನ ಪಕ್ಕ ಕೂರಬೇಕಿತ್ತು, ಕೂರಲಿಲ್ಲ. ಕಾರವಾರಕ್ಕೆ ಬಂದು ಬೈತಖೋಲ ಬಂದರಿನಲ್ಲಿ ಮೂಟೆ ಹೊತ್ತೆ. ಅಲ್ಲಿ ಮಾಲು ಇಳಿಸುವಾಗ ನಮ್ಮ ತಂಡದಲ್ಲಿ ಒಬ್ಬ ಮೇಲೆ ನಿಂತು ಕೂಗುತ್ತಿದ್ದ — ಅರ್ಧ ಉಳಿಯಿತು, ಪಾವು ಉಳಿಯಿತು ಎಂದು. ಪಾವು ಅಂದರೆ ಕಾಲು ಭಾಗ. ಬೆನ್ನ ಮೇಲೆ ಭಾರ ಇದ್ದವನು ಕತ್ತೆತ್ತಿ ನೋಡಲಾರ, ಕೂಗು ಕೇಳಿಕೊಂಡೇ ಹೆಜ್ಜೆ ಇಡಬೇಕು. ಬೆನ್ನು ನೋವು ಹಿಡಿದ ಮೇಲೆ ನಾನು ಆಸ್ಪತ್ರೆಯ ಕಾವಲಿಗೆ ಸೇರಿದೆ. ನನ್ನ ಕೆಲಸ ಚೊಕ್ಕ ಇರುವುದನ್ನು ಕಂಡು ಡಾಕ್ಟರು ಕೆಲವು ವರ್ಷಗಳಲ್ಲಿ ಥೇಟರಿನ ಒಳಗೇ ತೆಗೆದುಕೊಂಡರು.

೨೦೦೧ರಲ್ಲಿ ಹೊಸ ಮಷೀನು ಬಂತು. ಅದರಲ್ಲಿ ಎಲ್ಲವೂ ನೀರಿನ ಲೆಕ್ಕಾಚಾರ. ಕಂಬದ ಮೇಲೆ ಉಪ್ಪುನೀರಿನ ಬಾಟಲಿ ತೂಗು ಹಾಕುತ್ತಾರೆ. ನಳಿಗೆಯಲ್ಲಿ ಇಳಿದ ನೀರು ಕಣ್ಣಿನ ಒಳಗೆ ಹೋಗಿ ಅದನ್ನು ಕುಸಿಯದಂತೆ ಹಿಡಿಯುತ್ತದೆ. ಇನ್ನೊಂದು ನಳಿಗೆ ಪುಡಿಯಾದ ಪೊರೆಯನ್ನೂ ನೀರನ್ನೂ ಹೀರಿ, ಮಷೀನಿನ ಬಾಯಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಡಬ್ಬಿಗೆ ತರುತ್ತದೆ. ಆ ಡಬ್ಬಿಗೆ ಕ್ಯಾಸೆಟ್ ಅನ್ನುತ್ತಾರೆ. ಹೋಗುವ ನೀರು, ಬರುವ ನೀರು ಸಮ ಇರಬೇಕು. ಮೇಲೆ ಬಾಟಲಿ ಬರಿದಾಗಿ ಕೆಳಗೆ ಹೀರುವುದು ನಡೆದೇ ಇದ್ದರೆ ಕಣ್ಣು ಒಳಗೇ ಕುಸಿದು ಹಿಂದಿನ ತೆಳುಪರೆ ಹರಿಯುತ್ತದೆ. ಇದನ್ನೆಲ್ಲ ಡಾಕ್ಟರೇ ನನಗೆ ತಿಳಿಸಿ ಹೇಳಿದ್ದು. ಬಾಟಲಿ ಬರಿದಾಯಿತೆಂದು ನಮ್ಮ ಮಷೀನು ಹೇಳುತ್ತಿರಲಿಲ್ಲ. ಡಾಕ್ಟರ ಕಣ್ಣು ಸೂಕ್ಷ್ಮದರ್ಶಕದಲ್ಲಿ ಹೂತಿರುತ್ತಿತ್ತು. ಬಾಟಲಿ ನೋಡುವುದು ನನ್ನ ಕೆಲಸ.

ಬಂದರಿನ ಕೂಗನ್ನು ಥೇಟರಿಗೆ ತಂದವನು ನಾನೇ. ಅರ್ಧಕ್ಕೆ ಇಳಿದಾಗ ‘ಅರ್ಧ’ ಅನ್ನುತ್ತಿದ್ದೆ, ಕಾಲು ಭಾಗಕ್ಕೆ ಇಳಿದಾಗ ‘ಪಾವು’. ಪಾವು ಎಂದ ಕೂಡಲೇ ಮಷೀನಿನ ಹತ್ತಿರ ಇರುವ ಸಿಸ್ಟರ್ ಡಾಕ್ಟರಿಗೆ “ಸರ್, ನಿಲ್ಸಿ” ಅನ್ನಬೇಕು, ಅದನ್ನು ಕೇಳಿದ ಮೇಲೆಯೇ ಡಾಕ್ಟರು ಮಷೀನು ನಡೆಸುವ ಪೆಡಲಿನಿಂದ ಕಾಲು ತೆಗೆಯಬೇಕು, ನಾನು ಬಾಟಲಿ ಬದಲಿಸಬೇಕು. ಮಷೀನು ಕಲಿಸಲು ಬಂದಿದ್ದ ಕಂಪನಿಯ ಮನುಷ್ಯ ನನ್ನ ಕೂಗು ಕೇಳಿ ನಕ್ಕ. ಡಾಕ್ಟರು ಮಾತ್ರ, “ನಗಬೇಡ್ರಿ, ಬೊಮ್ಮಯ್ಯನ ಗಂಟ್ಲು ನಿಮ್ಮ ಅಲಾರಂಗಿಂತ ಗಟ್ಟಿ” ಅಂದರು. ಆ ಮಾತನ್ನು ಎಷ್ಟು ದಿನ ಚಪ್ಪರಿಸಿದೆನೋ.

ಆದರೆ ಮಷೀನಿನ ಗುಂಡಿಗಳು, ಅದರ ಇಂಗ್ಲಿಷು — ಅದನ್ನು ಸುನಂದಾ ಸಿಸ್ಟರಿಗೆ ಒಪ್ಪಿಸಿದರು. ಹಣಕೋಣದವರು, ಕೋರ್ಸು ಮಾಡಿ ಬಂದವರು, ನನಗಿಂತ ಬಹಳ ಚಿಕ್ಕವರು. ನನ್ನನ್ನು ಬೊಮ್ಮಣ್ಣ ಎಂದೇ ಕರೆಯುತ್ತಿದ್ದರು. ಆ ‘ಅಣ್ಣ’ದಲ್ಲೂ ನನಗೆ ಏನೋ ಕೇಳಿಸುತ್ತಿತ್ತು — ಮೇಲಿನಿಂದ ಇಳಿಸಿ ಕೊಟ್ಟಂತೆ. ಅವರು ಡಾಕ್ಟರ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಕಾರವಾರದಲ್ಲಿ ಅದೇನು ಹೊಸದಲ್ಲ, ನನಗೂ ಪೂರ್ತಿ ತಿಳಿಯುತ್ತದೆ. ಆದರೂ ನಾನು ಬಾಗಿಲು ದಾಟುವಾಗ ಮಾತು ನಿಂತರೆ, ನನ್ನ ವಿಷಯವೇ ಇತ್ತು ಅನಿಸುತ್ತಿತ್ತು. ನಿಲ್ಲದಿದ್ದರೆ, ನನ್ನನ್ನು ಕಂಡು ವಿಷಯ ಬದಲಿಸಿದರು ಅನಿಸುತ್ತಿತ್ತು.

ಕ್ಯಾಸೆಟ್ ಒಂದು ಸಲ ಬಳಸಿ ಎಸೆಯಬೇಕಾದದ್ದು, ಪೊಟ್ಟಣದ ಮೇಲೆಯೇ ಹಾಗೆ ಬರೆದಿರುತ್ತಿತ್ತಂತೆ. ನಮ್ಮಲ್ಲಿ ತೊಳೆದು, ಶುದ್ಧ ಮಾಡಿ ಮತ್ತೆ ಬಳಸುತ್ತಿದ್ದೆವು. ತೊಳೆಯುವವನು ನಾನು. ಇನ್ನೆಷ್ಟು ಸಲ ಬರುತ್ತದೆ ಎಂದು ನೋಡಿ ಹೇಳುವವನೂ ನಾನೇ. ಅವನ್ನು ಇಡುವ ಥೇಟರಿನ ಕಪಾಟಿನ ಕೀಲಿ ನನ್ನ ಸೊಂಟದಲ್ಲಿ. ಒಂದು ದಿನ ಸಿಸ್ಟರ್ ಒಂದು ಕ್ಯಾಸೆಟ್ ಬೆಳಕಿಗೆ ಹಿಡಿದು, “ಬೊಮ್ಮಣ್ಣ, ಇದ್ರ ಮೂಲೆಲಿ ಬಿರುಕು ಬಿಟ್ಟದೆ, ಇದು ಸಾಕಲ್ವಾ?” ಎಂದು ಕೇಳಿದರು. ಮೆಲ್ಲನೆಯೇ ಕೇಳಿದ್ದು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ — ಇಲ್ಲ, ಆಯಾ ದೇವಕಿ ನೆಲ ಒರೆಸುತ್ತಿದ್ದಳು. ಅವಳ ಎದುರು ಕೇಳಿದರಲ್ಲ ಎಂದು ನನಗೆ ಉರಿಯಿತು.

“ನಿಮ್ಮ ಕೋರ್ಸಲ್ಲಿ ಪಾತ್ರೆ ತೊಳೂದು ಕಲ್ಸಿದ್ರಾ?” ಅಂದೆ. “ನಂಗೆ ಹೇಳೂಕೆ ಬರಬೇಡಿ.”

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅದಾದ ಮೇಲೆ ಕಪಾಟಿನಿಂದ ಕ್ಯಾಸೆಟ್ಟುಗಳು ಕಾಣೆಯಾಗತೊಡಗಿದವು.

ಒಂದು ಹೋದಾಗ ನನ್ನ ಲೆಕ್ಕವೇ ತಪ್ಪಿರಬೇಕು ಅಂದುಕೊಂಡೆ. ಇನ್ನೊಂದು ಹೋದಾಗ ತಳದಲ್ಲಿ ಬ್ಲೇಡಿನಿಂದ ಗುರುತು ಹಾಕಿಟ್ಟೆ. ಗುರುತಿನದೂ ಹೋಯಿತು. ಕೀಲಿ ನನ್ನಲ್ಲಿದೆ; ಆಪರೇಶನ್ ನಡೆಯುವಾಗ ಮಾತ್ರ ಕಪಾಟು ತೆರೆದಿರುತ್ತದೆ; ಆಗ ಅದರ ಹತ್ತಿರ ಇರುವುದು ಸುನಂದಾ ಸಿಸ್ಟರ್ ಒಬ್ಬರೇ. ಇನ್ನೇನು ಬೇಕು? ಗೋವಾದ ಯಾವುದೋ ಆಸ್ಪತ್ರೆಗೆ ಮಾರುತ್ತಾರೆ ಎಂದು ನಾನೇ ತೀರ್ಮಾನ ಮಾಡಿದೆ. ಸಂಜೆ ಅವರು ಹೊರಡುವಾಗ ಚೀಲ ನೋಡುತ್ತಿದ್ದೆ — ಬೆಳಿಗ್ಗೆಗಿಂತ ಉಬ್ಬಿದೆಯೇ ಎಂದು. ಉಬ್ಬಿದ ದಿನ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ಹೋದದ್ದೂ ಉಂಟು. ಚಿಲ್ಲರೆ ತೆಗೆಯಲು ಅವರು ಚೀಲ ತೆರೆದಾಗ ಒಳಗೆ ಬಂಗಡೆ ಮೀನಿನ ಪೊಟ್ಟಣ ಇತ್ತು. ಕಂಡ ಮೇಲೂ ಸಮಾಧಾನ ಆಗಲಿಲ್ಲ, ಮೀನಿನ ಅಡಿಯಲ್ಲಿ ಇಟ್ಟಿರಬಹುದು ಅನಿಸಿತು. ಡಾಕ್ಟರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೈಗೇ ಸಿಕ್ಕಬೇಕು, ಎಲ್ಲರ ಎದುರು ನಾನೇ ಹಿಡಿಯಬೇಕು — ಓದಿದವಳ ಕೈಯನ್ನು ಓದದವನು ಹಿಡಿಯಬೇಕು. ಇದನ್ನು ಬರೆಯುವಾಗ ಕೂಡ ಆ ಹುರುಪು ನೆನಪಾಗಿ ಮೈ ಬಿಸಿಯಾಗುತ್ತದೆ. ಅಷ್ಟು ಹೇಸಿಗೆ ಮನುಷ್ಯ ನಾನು.

ಆ ದಿನ ಮೇಜಿನ ಮೇಲೆ ಮಲಗಿದ್ದವರು ಪಾಂಡು ತಾಂಡೇಲ. ಬೈತಖೋಲದವರು, ದೋಣಿಯ ಮುಖ್ಯಸ್ಥನಾಗಿ ಸಮುದ್ರದಲ್ಲೇ ತಲೆ ನೆರೆಸಿಕೊಂಡವರು. ನಾನು ಮೂಟೆ ಹೊರುತ್ತಿದ್ದ ಕಾಲದಿಂದ ಪರಿಚಯ. ಒಳಗೆ ಬರುವಾಗ, “ಬೊಮ್ಮಯ್ಯಾ, ನೀನಿದ್ಯಾ, ಹಂಗಾರೆ ಹೆದ್ರಿಕೆ ಇಲ್ಲ ಮಾರಾಯಾ. ನಾಳೆ ಮೀನು ಕಂಡ್ರೆ ಅರ್ಧ ನಿಂಗೆ” ಎಂದು ನಗಾಡಿದ್ದರು.

ಆಪರೇಶನ್ ಶುರುವಾಯಿತು. ಥೇಟರಿನ ದೀಪ ಆರಿಸಿ ಸೂಕ್ಷ್ಮದರ್ಶಕದ ಬೆಳಕೊಂದೇ ಇತ್ತು. ನಾನು ‘ಅರ್ಧ’ ಅಂದೆ. ಡಾಕ್ಟರು ಹ್ಞೂಂ ಅಂದರು. ಗಟ್ಟಿ ಪೊರೆ, ಹೊತ್ತು ಹಿಡಿಯುತ್ತಿತ್ತು. ಆಗ ನನ್ನ ಬಲಗಡೆ ಏನೋ ಸರಿದಂತಾಯಿತು. ಸುನಂದಾ ಸಿಸ್ಟರ್ ಮೆಲ್ಲನೆ ಬಗ್ಗಿ ಕಪಾಟಿನ ಬಾಗಿಲನ್ನು ಬೆರಳಲ್ಲಿ ಸರಿಸುತ್ತಿದ್ದರು.

ನಾನು ತಿರುಗಿದೆ. ಕತ್ತಷ್ಟೇ ತಿರುಗಿಸಿದ್ದು — ಆದರೆ ಕಣ್ಣು ಪೂರ್ತಿ ಅಲ್ಲಿಗೇ ಹೋಗಿ ನಿಂತಿತು. ಅವರು ಒಂದು ಕ್ಯಾಸೆಟ್ ತೆಗೆದರು, ಬೆರಳಿಂದ ಮೂಲೆ ಸವರಿ ನೋಡಿದರು, ಇಟ್ಟರು. ಇನ್ನೊಂದನ್ನು ತೆಗೆದರು, ಸವರಿದರು. ಅದನ್ನು ಗೌನಿನ ಕಿಸೆಗೆ ಇಳಿಸಿದರು. ಸಿಕ್ಕಿತು, ಇವತ್ತು ಸಿಕ್ಕಿತು ಅಂದುಕೊಂಡೆ. ಬಾಟಲಿ ಎಂಬುದೊಂದು ಇದೆ ಎನ್ನುವುದೇ ನನ್ನ ತಲೆಯಲ್ಲಿ ಇರಲಿಲ್ಲ.

ಡಾಕ್ಟರ ಗಂಟಲಿನಿಂದ ಒಂದು ಸದ್ದು ಬಂತು. ಮಾತಲ್ಲ. ನಾನು ಕತ್ತೆತ್ತಿದಾಗ ಬಾಟಲಿ ಬರಿದಾಗಿತ್ತು, ನಳಿಗೆಯಲ್ಲಿ ಗಾಳಿಗುಳ್ಳೆಗಳು ಒಂದರ ಹಿಂದೆ ಒಂದು ಇಳಿದು ಹೋಗುತ್ತಿದ್ದವು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ತೆಳುಪರೆ ಹರಿದು ಪೊರೆಯ ತುಂಡು ಕಣ್ಣಿನ ಹಿಂಭಾಗಕ್ಕೆ ಬಿತ್ತು. ಪಾಂಡು ಅವರನ್ನು ಅದೇ ದಿನ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಮತ್ತೆ ಆಪರೇಶನ್ ಆಯಿತು. ಆ ಕಣ್ಣಿಗೆ ಬೆಳಕು ಮತ್ತು ಕತ್ತಲೆ ಬಿಟ್ಟು ಬೇರೇನೂ ಮತ್ತೆ ಕಾಣಲಿಲ್ಲ.

ಸಂಜೆ ಡಾಕ್ಟರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ನನ್ನನ್ನೇ ಮೊದಲು ಕೇಳಿದರು.

“ಬೊಮ್ಮಯ್ಯ, ಪಾವು ಅಂತ ಕೂಗಿದ್ಯಾ?”

ಒಂದು ಉಸಿರು ತೆಗೆಯುವಷ್ಟು ಹೊತ್ತು ಸಿಕ್ಕಿತ್ತು ನನಗೆ. ನಿಜ ಹೇಳಲು ಅಷ್ಟು ಸಾಕಿತ್ತು. ಕಳ್ಳತನ ಕಂಡೆ, ಅದಕ್ಕೆ ತಿರುಗಿದೆ ಎಂದಾದರೂ ಹೇಳಬಹುದಿತ್ತು — ಆದರೆ ಹಾಗೆಂದರೆ ಬಾಟಲಿ ಬಿಟ್ಟೆ ಎಂದು ಒಪ್ಪಿದಂತೆ.

“ಕೂಗಿದ್ದೆ ಸರ್,” ಅಂದೆ.

ಡಾಕ್ಟರು ಕಣ್ಣು ಮುಚ್ಚಿ ತಲೆಯಾಡಿಸಿದರು. “ಹೌದು, ನಂಗೂ ಕೇಳಿದ್ದು ನೆನಪದೆ,” ಅಂದರು. ಈ ಮಾತು ನನ್ನನ್ನೇ ಬೆಚ್ಚಿಸಿತು. ಅವರು ಸುಳ್ಳು ಹೇಳುವವರಲ್ಲ. ದಿನವೂ ಕೇಳಿ ಕೇಳಿ, ಕೂಗದ ದಿನವೂ ಅವರ ಕಿವಿ ಅದನ್ನು ಕೇಳಿಸಿಕೊಂಡುಬಿಟ್ಟಿತ್ತು. ನಾನು ಅಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ, ಅದೇ ನನ್ನ ಸುಳ್ಳಿಗೆ ಸಾಕ್ಷಿ ಹೇಳಿತು.

ಆಮೇಲೆ ಅವರು ಸುನಂದಾ ಸಿಸ್ಟರ್ ಕಡೆ ತಿರುಗಿ, “ಮತ್ತೆ ನೀ ಯಾಕೆ ನಿಲ್ಸು ಅನ್ಲಿಲ್ಲ?” ಎಂದು ಕೇಳಿದರು. ಸಿಸ್ಟರ್ ನನ್ನ ಮುಖ ನೋಡಿದರು. ಸಿಟ್ಟಿನ ನೋಟವಲ್ಲ ಅದು. ಏನನ್ನೋ ನೆನಪಿಸಿಕೊಳ್ಳಲು ಒದ್ದಾಡುವ ನೋಟ. “ನಂಗೆ ಕೇಳ್ಲಿಲ್ಲ ಸರ್… ನನ್ನ ಲಕ್ಷ್ಯ ಬೇರೆ ಕಡೆ ಇತ್ತು,” ಅಂದರು. ಎಲ್ಲಿ ಇತ್ತು ಎಂದು ಹೇಳಲಿಲ್ಲ. ಕದ್ದವಳು ಹೇಗೆ ಹೇಳಿಯಾಳು ಎಂದು ನಾನು ಒಳಗೊಳಗೇ ಅಂದುಕೊಂಡೆ.

ಅವರನ್ನು ಕೆಲಸದಿಂದ ತೆಗೆದರು. ಊರು ಸಣ್ಣದು. ಅಜಾಗರೂಕತೆಯಿಂದ ಕಣ್ಣು ಕಳೆದ ನರ್ಸು ಎಂದು ಸುದ್ದಿ ಹಬ್ಬಿತು. ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಯಾವ ದವಾಖಾನೆಯೂ ಅವರನ್ನು ತೆಗೆದುಕೊಳ್ಳಲಿಲ್ಲ. ಮಡಗಾಂವಿನಲ್ಲಿ ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತಂತೆ ಎಂದು ಮುಂದೆ ಕೇಳಿದೆ. ನಾನು ನೆಮ್ಮದಿಯಾಗಿಯೇ ಇದ್ದೆ. ಕಳ್ಳಿಯ ಮೇಲೆ ಹೇಳಿದ ಒಂದು ಸುಳ್ಳು — ಅದೇನು ಮಹಾ?

ಆ ನೆಮ್ಮದಿ ಹೆಚ್ಚು ದಿನ ಇರಲಿಲ್ಲ. ಆಸ್ಪತ್ರೆಯ ಹಿಂದೆ ಕಸ ಸುಡುವ ಗುಂಡಿ ಇತ್ತು. ಅದನ್ನು ಕೆದಕಿ ಬೂದಿ ತೆಗೆಯುವಾಗ ಅರ್ಧ ಕರಗಿದ ಕ್ಯಾಸೆಟ್ಟುಗಳು ಮೇಲೆ ಬಂದವು. ಒಂದರ ತಳದಲ್ಲಿ ನನ್ನ ಬ್ಲೇಡಿನ ಗುರುತು. ದೇವಕಿಯನ್ನು ಕರೆದು ಇದೆಂತ ಎಂದು ಗದರಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ ನಿಂತಳು. ಈಗಿನ್ನು ಹೇಳಿದರೇನು ಎಂದು ಬಾಯಿಬಿಟ್ಟಳು.

“ಸುನಂದಾ ಬಾಯಿ ಕೊಡ್ತಿದ್ರು. ಬಿರುಕು ಬಿಟ್ಟದ್ದೆಲ್ಲ ಆರಿಸಿ ಕೊಡ್ತಿದ್ರು, ಸುಟ್ಟು ಬಿಡು ಅಂತ. ಬೊಮ್ಮಣ್ಣಂಗೆ ಹೇಳ್ಬೇಡ, ಅವ್ರು ಕಷ್ಟಪಟ್ಟು ತೊಳೀತ್ರು, ಬೇಜಾರ್ ಮಾಡ್ಕಂತ್ರು ಅಂದಿದ್ರು.”

ಅವರು ಆಪರೇಶನ್ ನಡೆಯುವಾಗಲೇ ಯಾಕೆ ತೆಗೆಯುತ್ತಿದ್ದರು ಎಂಬುದೂ ಆಗ ತಿಳಿಯಿತು. ಕಪಾಟು ತೆರೆದಿರುವುದು ಆಗ ಮಾತ್ರ. ಮತ್ತೆ ಆ ಹೊತ್ತಿನಲ್ಲಿ ಬೊಮ್ಮಣ್ಣನ ಕಣ್ಣು ಬಾಟಲಿ ಬಿಟ್ಟು ಕದಲುವುದಿಲ್ಲ ಎಂದು ಅವರಿಗೆ ಅಷ್ಟು ನಂಬಿಕೆ.

ಅವತ್ತೇ ಡಾಕ್ಟರ ಕೋಣೆಗೆ ಹೋಗಬೇಕಿತ್ತು. ಬಾಗಿಲವರೆಗೆ ಹೋದೆ. ಒಳಗೆ ಯಾರೋ ರೋಗಿ ಇದ್ದರು, ವಾಪಸು ಬಂದೆ. ರೋಗಿ ಇಲ್ಲದ ದಿನ ಬೇರೇನೋ ಕಾರಣ. ಅಲ್ಲಿಂದ ನನ್ನ ಸಂಶಯಕ್ಕೆ ಬೇರೆ ಕೆಲಸ ಸಿಕ್ಕಿತು — ದೇವಕಿ ನಕ್ಕರೆ ಇವಳಿಗೆ ಎಲ್ಲ ಗೊತ್ತಾಗಿದೆ ಅನಿಸುತ್ತಿತ್ತು, ಡಾಕ್ಟರು ಸುಮ್ಮನೆ ಕೂತರೆ ಇವರಿಗೆ ಈಗ ನೆನಪು ಸರಿಯಾಯಿತು ಅನಿಸುತ್ತಿತ್ತು. ಹೊಸ ಸಿಸ್ಟರ್ ಬಂದರು. ನಾನು ‘ಪಾವು’ ಎಂದು ಕೂಗುತ್ತಲೇ ಇದ್ದೆ, ಮೊದಲಿಗಿಂತ ಗಟ್ಟಿಯಾಗಿ. ಹೀಗೇ ವರ್ಷಗಳು ಹೋದವು.

ಈ ವರ್ಷ, ೨೦೦೯ರಲ್ಲಿ, ಮಳೆಗಾಲಕ್ಕೆ ಮೊದಲು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಬೊಮ್ಮಣ್ಣ” ಅಂದರು. ಸುನಂದಾ ಸಿಸ್ಟರ್. ಕೂದಲು ಅಷ್ಟಿಷ್ಟು ಬೆಳ್ಳಗಾಗಿತ್ತು. ನನ್ನ ಬೆನ್ನು ನೋವು ಹೇಗಿದೆ ಎಂದು ಕೇಳಿದರು, ಹೆಂಡತಿಯನ್ನು ಕೇಳಿದರು. ಹೊನ್ನಾವರದ ಅಕ್ಕನ ಮನೆಗೆ ಹೊರಟಿದ್ದರಂತೆ. ಹೊನ್ನಾವರದ ಬಸ್ಸು ಬಂದು ಹೋಯಿತು, ಅವರು ಹತ್ತಲಿಲ್ಲ. ಕಡೆಗೆ ಕೇಳಿದರು.

“ಬೊಮ್ಮಣ್ಣ, ನೀವು ಅವತ್ತು ಕೂಗಿದ್ದು ಎಷ್ಟ್ ನೆನಪು ಮಾಡ್ಕಂಡ್ರೂ ನಂಗೆ ಕೇಳೂದಿಲ್ಲ. ಅರ್ಧ ಅಂದದ್ದು ಕೇಳ್ತದೆ, ಪಾವು ಕೇಳೂದಿಲ್ಲ. ನಾನು ಅಷ್ಟೂ ಮೈಮರ್ತಿದ್ನಾ?”

ದೇವರು ಎದುರು ಬಂದು ಬಾಗಿಲು ತೆರೆದು ಕೊಟ್ಟರೂ ಇದಕ್ಕಿಂತ ದೊಡ್ಡದಾಗಿ ತೆರೆಯಲಾರ. ನಾನು ಹೇಳಿದ್ದೇನು ಗೊತ್ತೇ? “ಆಗಿದ್ದು ಆಯ್ತು ಬಿಡಿ ಸಿಸ್ಟರ್. ಎಲ್ಲರ ಕೈಲೂ ಆಗ್ತದೆ.” ಅವರನ್ನು ಕ್ಷಮಿಸುವವನ ಹಾಗೆ ಹೇಳಿದೆ. ಅವರು ಕಣ್ಣು ಒರೆಸಿಕೊಂಡು, ನೀವು ದೊಡ್ಡವರು ಅಂದರು.

ಮೊದಲ ಸುಳ್ಳು ಹೆದರಿಕೆಯಲ್ಲಿ ಬಂತು ಎಂದು ಯಾರಾದರೂ ಅಂದಾರು. ಈ ಎರಡನೆಯದಕ್ಕೆ ಹೆದರಿಕೆಯ ನೆಪವೂ ಇಲ್ಲ.

ಮಾರನೆಯ ವಾರ ಬೈತಖೋಲಕ್ಕೆ ಹೋದೆ. ಪಾಂಡು ತಾಂಡೇಲರು ದೋಣಿ ನಿಲ್ಲುವ ದಕ್ಕೆಯ ಪಕ್ಕದ ನೆರಳಲ್ಲಿ ಬಲೆ ಕಟ್ಟುತ್ತಿದ್ದರು. ಕಣ್ಣು ಹೋದ ಮೇಲೆ ದೋಣಿ ಬಿಟ್ಟು ದಡದ ಕೆಲಸ. ಹತ್ತಿರ ಕೂತು ಎಲ್ಲ ಹೇಳಿದೆ. ಹೊಡೆಯಲಿ, ಉಗಿಯಲಿ ಎಂದು ಕಾದೆ. ಅವರು ಬಲೆಯ ಕಣ್ಣನ್ನು ಬೆರಳಿಂದ ತಡವಿ ಒಂದು ಗಂಟು ಹಾಕಿ ಮುಗಿಸಿದರು.

“ಆ ಬಾಯಿ ಗಣೇಶ ಚೌತಿಗೆ ಊರಿಗೆ ಬಂದಾಗೆಲ್ಲ ನನ್ನ ಮನೆಗೆ ಬರ್ತದೆ,” ಅಂದರು. “ಕಾಲು ಮುಟ್ಟಿ ಅಳ್ತದೆ. ನಾನು ಬೇಡ ಅಂದ್ರೂ ಬಿಡೂದಿಲ್ಲ. ನಂಗೆ ಹೇಳಿ ನಿಂಗೆ ಎಂತ ಸಿಕ್ತು ಬೊಮ್ಮಯ್ಯ? ಎದ್ದು ಹೋಗು. ಅವ್ಳಿಗೆ ಹೇಳು ಹೋಗಿ.”

ಮೀನು ಅರ್ಧ ಕೊಡುತ್ತೇನೆ ಎಂದಿದ್ದ ಮನುಷ್ಯ ಒಂದು ಲೋಟ ನೀರೂ ಕೊಡಲಿಲ್ಲ. ಕೊಡದಿದ್ದದ್ದೇ ಸರಿ.

ನಿನ್ನೆ ಡಾಕ್ಟರಿಗೆ ಹೇಳಿದೆ. “ನಂಗೆ ಕೇಳಿತ್ತಲ್ಲ, ಬೊಮ್ಮಯ್ಯ,” ಅಂದರು. “ಇಲ್ಲ ಸರ್, ಕೇಳಿಲ್ಲ,” ಅಂದೆ. ಕಪಾಟಿನ ಕೀಲಿ ಅವರ ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಬಂದೆ.

ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ, ಯಾಕೆಂದರೆ ಸುಳ್ಳು ಊರೆಲ್ಲ ತಿರುಗಿದೆ, ಕೋಣೆಯೊಳಗೆ ಪಿಸುಗುಟ್ಟಿದರೆ ಅದು ನಿಲ್ಲುವುದಿಲ್ಲ. ಇದರಲ್ಲೂ ನನ್ನ ಮೇಲೆ ನನಗೆ ಸಂಶಯ ಇದೆ — ಹೊಗಳಿಸಿಕೊಳ್ಳಲು ಬರೆಯುತ್ತಿದ್ದೇನೆಯೇ, ಹಗುರಾಗಲು ಬರೆಯುತ್ತಿದ್ದೇನೆಯೇ. ಇರಬಹುದು. ಅದಕ್ಕೇ ಅಚ್ಚಾಗುವವರೆಗೆ ಕಾಯುವುದಿಲ್ಲ. ಭಾನುವಾರ ಸುನಂದಾ ಸಿಸ್ಟರ್ ಮಡಗಾಂವಿನಿಂದ ಹಣಕೋಣಕ್ಕೆ ಬರುತ್ತಾರೆ ಎಂದು ವಿಚಾರಿಸಿಕೊಂಡಿದ್ದೇನೆ. ಅಂದು ಹೋಗಿ, ಅವರ ಮನೆಯವರೆಲ್ಲ ಇರುವಾಗಲೇ ಹೇಳುತ್ತೇನೆ.

ಸಿಸ್ಟರ್, ನಿಮಗೆ ಕೇಳದೆ ಇದ್ದದ್ದಲ್ಲ. ನಾನು ಕೂಗಲೇ ಇಲ್ಲ. ನೀವು ಮೈಮರೆತಿರಲಿಲ್ಲ, ನನ್ನ ಕೆಲಸದ ಕೊಳೆಯನ್ನು ಯಾರಿಗೂ ಕಾಣದಂತೆ ತೆಗೆಯುತ್ತಿದ್ದಿರಿ. ಪಾಂಡು ಅವರ ಕಾಲು ಮುಟ್ಟಬೇಕಾದವರು ನೀವಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದೂ ನನಗೆ ಗೊತ್ತು.

ಈಗ ನನ್ನ ಬಳಿ ಏನಿದೆ ಎಂದರೆ — ಸುಂಕಸಾಳದಲ್ಲಿ ಮನೆ, ಅದರಲ್ಲಿ ತಮ್ಮನ ಪಾಲೂ ಇದೆ. ಹೆಂಡತಿ, ಇದನ್ನು ಅವಳಿಗೂ ಓದಿ ಹೇಳಿದ್ದೇನೆ. ಒಬ್ಬ ಮಗಳು, ಅಂಕೋಲೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಕೆಲಸ ಇಲ್ಲ. ಬೆನ್ನು ನೋವು ಇದೆ. ಕಣ್ಣು ಎರಡಿವೆ, ಎರಡೂ ಸರಿಯಾಗಿ ಕಾಣುತ್ತವೆ.